ಸತ್ಯವೇದವನ್ನು ಬರೆದಂತೆಯೇ ಓದುವುದು: ಪುಣೆಯ ಕನ್ನಡ ವಿಶ್ವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಭಾನುವಾರ ಸಂಜೆ ನಡೆಯುವ ನಮ್ಮ ಕನ್ನಡ ಸತ್ಯವೇದ ಅಧ್ಯಯನಕ್ಕೆ ಬರುವವರಲ್ಲಿ ಹೆಚ್ಚಿನವರು ಬೀದರ್, ಕಲಬುರಗಿ, ಬೆಳಗಾವಿ, ಧಾರವಾಡದ ಕಡೆಯವರು. ಕೆಲವರು ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ, ಕೆಲವರು ಹಿಂಜವಡಿಯ ಕಂಪನಿಗಳಲ್ಲಿದ್ದಾರೆ, ಉಳಿದವರು ಕಾಲೇಜಿನ ಮಕ್ಕಳು. ಊರಿನಲ್ಲಿ ಅಜ್ಜಿಯ ಬಾಯಿಂದ ಕೇಳಿ ನಂಬಿದ್ದನ್ನು ಇಲ್ಲಿ ಕೋಣೆಯ ಗೆಳೆಯರೂ ಸಹೋದ್ಯೋಗಿಗಳೂ ಪ್ರಶ್ನಿಸಿದಾಗ ಅವರು ಉತ್ತರ ತೋಚದೆ ನಮ್ಮ ಬಳಿಗೆ ಬರುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನು ಹಲವು ವರ್ಷಗಳಿಂದ ಬರೆದಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಹೆಚ್ಚಾಗಿ ಕೇಳಿಬರುವವು ಇಲ್ಲಿವೆ.

ಸತ್ಯವೇದವನ್ನು ಅಕ್ಷರಶಃ ಓದಬೇಕು ಎನ್ನುತ್ತೀರಿ. ಹಾಗೆಂದರೆ ಏನು?

ಬರೆದವನು ಯಾವ ಅರ್ಥದಲ್ಲಿ ಬರೆದನೋ ಅದೇ ಅರ್ಥದಲ್ಲಿ ಓದುವುದು ಎಂದರ್ಥ. ಸೊಲ್ಲಾಪುರ, ಕೊಲ್ಹಾಪುರದ ಕಡೆ ಇಂದಿಗೂ ಕಾಣಸಿಗುವ ಹಳಗನ್ನಡದ ಶಿಲಾಶಾಸನಗಳನ್ನು ನೆನಪಿಸಿಕೊಳ್ಳಿ. ಒಂದೇ ಕಲ್ಲಿನ ಮೇಲೆ ಶಕವರ್ಷವಿರುತ್ತದೆ, ಆಳುವ ಅರಸನ ಹೆಸರಿರುತ್ತದೆ, ದತ್ತಿ ಕೊಟ್ಟ ಭೂಮಿಯ ಎಲ್ಲೆಗಳಿರುತ್ತವೆ. ಅರಸನ ಪ್ರತಾಪವನ್ನು ಹೊಗಳುವ ಪದ್ಯವೂ, ಈ ದಾನವು ಚಂದ್ರ ಸೂರ್ಯರಿರುವ ತನಕ ನಡೆಯಲಿ ಎಂಬ ಮಾತೂ, ಕೊನೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪವೂ ಇರುತ್ತವೆ. ಶಾಸನವನ್ನು ಬಲ್ಲವರು ಶಕವರ್ಷವನ್ನು ವರ್ಷವೆಂದೇ, ಎಲ್ಲೆಯನ್ನು ಎಲ್ಲೆಯೆಂದೇ, ಹೊಗಳಿಕೆಯನ್ನು ಹೊಗಳಿಕೆಯೆಂದೇ ಓದುತ್ತಾರೆ. ಪದ್ಯದಲ್ಲಿ ಅಲಂಕಾರವಿದೆಯೆಂದು ಶಕವರ್ಷವನ್ನು ಸುಳ್ಳೆನ್ನುವುದಿಲ್ಲ. ಶಕವರ್ಷ ನಿಜವೆಂದು ಪದ್ಯದ ಪ್ರತಿಯೊಂದು ಉಪಮೆಯನ್ನೂ ವಾಸ್ತವವೆಂದು ಹಿಡಿಯುವುದೂ ಇಲ್ಲ. ನಾವು ಹೇಳುವ ಅಕ್ಷರಶಃ ಓದು ಇದೇ.

ಕೀರ್ತನೆ 98ರಲ್ಲಿ ನದಿಗಳು ಚಪ್ಪಾಳೆ ತಟ್ಟಲಿ ಎಂದಿದೆ. ನದಿಗೆ ಕೈಗಳಿಲ್ಲವೆಂಬುದು ಕೀರ್ತನೆಗಾರನಿಗೂ ತಿಳಿದಿತ್ತು. ಯೇಸುಸ್ವಾಮಿ ತಾವೇ ಬಾಗಿಲೆಂದು ಹೇಳಿದರು, ಹೆರೋದನನ್ನು ನರಿಯೆಂದು ಕರೆದರು. "ನನ್ನ ತಲೆ ತಿನ್ನಬೇಡ" ಎಂದು ತಾಯಿ ಮಗನನ್ನು ಗದರಿದರೆ ಆ ಮಾತಿಗೆ ಯಾವ ಕನ್ನಡಿಗನೂ ತಪ್ಪರ್ಥ ಮಾಡುವುದಿಲ್ಲ. ಸತ್ಯವೇದಕ್ಕೂ ಅಷ್ಟೇ ನ್ಯಾಯ ಸಲ್ಲಬೇಕು.

ಯಾವುದು ಅಲಂಕಾರ, ಯಾವುದು ಚರಿತ್ರೆ ಎಂಬುದನ್ನು ನಿಮಗೆ ಬೇಕಾದಂತೆ ತೀರ್ಮಾನಿಸುತ್ತೀರಲ್ಲವೇ?

ಈ ಆಕ್ಷೇಪ ನ್ಯಾಯವಾದದ್ದು, ಏಕೆಂದರೆ ಹಾಗೆ ತೀರ್ಮಾನಿಸುವವರು ನಮ್ಮಲ್ಲೂ ಇದ್ದಾರೆ. ತೀರ್ಮಾನ ನಮ್ಮದಾಗಬಾರದು, ಗ್ರಂಥದ್ದಾಗಬೇಕು. ಹೀಬ್ರೂ ಕಾವ್ಯಕ್ಕೆ ತನ್ನದೇ ಗುರುತಿದೆ: ಒಂದು ಸಾಲಿನಲ್ಲಿ ಹೇಳಿದ್ದನ್ನೇ ಮುಂದಿನ ಸಾಲು ಬೇರೆ ಮಾತುಗಳಲ್ಲಿ ಮತ್ತೆ ಹೇಳುತ್ತದೆ. ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಹೇಳುವಾಗ ಸುವಾರ್ತಿಕರು ಅದು ಸಾಮ್ಯವೆಂದೇ ಹಲವು ಬಾರಿ ತಿಳಿಸುತ್ತಾರೆ. ಪ್ರಕಟನೆ ಗ್ರಂಥವು ಏಳು ನಕ್ಷತ್ರಗಳು ಯಾವುದರ ಗುರುತೆಂಬುದನ್ನು ಮೊದಲನೆಯ ಅಧ್ಯಾಯದಲ್ಲೇ ಬಿಡಿಸಿ ಹೇಳುತ್ತದೆ.

ಚರಿತ್ರೆಯನ್ನು ಬರೆಯುವವನ ಧಾಟಿ ಬೇರೆಯೇ. ಲೂಕನು ತನ್ನ ಸುವಾರ್ತೆಯ ಮೊದಲ ನಾಲ್ಕು ವಚನಗಳಲ್ಲಿ, ಕಣ್ಣಾರೆ ಕಂಡವರು ಒಪ್ಪಿಸಿಕೊಟ್ಟದ್ದನ್ನು ತಾನು ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ಹೇಳುತ್ತಾನೆ. ಮೂರನೆಯ ಅಧ್ಯಾಯದ ಆರಂಭವನ್ನು ಓದಿದಾಗಲೆಲ್ಲ ನನಗೆ ನಮ್ಮ ಶಾಸನಗಳೇ ಕಣ್ಣಮುಂದೆ ಬರುತ್ತವೆ: ತಿಬೇರಿಯ ಚಕ್ರವರ್ತಿ ಆಳುತ್ತಿದ್ದ ಹದಿನೈದನೆಯ ವರ್ಷ, ಯೂದಾಯಕ್ಕೆ ಪೊಂತ್ಯ ಪಿಲಾತನು ಅಧಿಪತಿ, ಗಲಿಲಾಯಕ್ಕೆ ಹೆರೋದನು ಒಡೆಯ, ಅನ್ನನೂ ಕಾಯಫನೂ ಮಹಾಯಾಜಕರು. ಕಾಲ್ಪನಿಕ ಕಥೆ ಹೇಳುವವನಿಗೆ ಇಷ್ಟು ಸಾಕ್ಷಿಗಳನ್ನು ಹೆಸರಿಡಿದು ಕರೆದು ನಿಲ್ಲಿಸುವ ಅಗತ್ಯವಿರಲಿಲ್ಲ.

ಕೈಯಿಂದ ಕೈಗೆ ನಕಲಾಗುತ್ತಾ ಬಂದ ಗ್ರಂಥ ಇಷ್ಟು ಹೊತ್ತಿಗೆ ಬದಲಾಗಿರುವುದಿಲ್ಲವೇ?

1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಯೊಂದರಲ್ಲಿ ಕುರಿ ಕಾಯುವ ಹುಡುಗನೊಬ್ಬನಿಗೆ ಮಣ್ಣಿನ ಭರಣಿಗಳಲ್ಲಿ ಚರ್ಮದ ಸುರುಳಿಗಳು ಸಿಕ್ಕವು. ಅವುಗಳಲ್ಲೊಂದು ಯೆಶಾಯನ ಗ್ರಂಥದ ಸಂಪೂರ್ಣ ಪ್ರತಿ. ಏಳು ಮೀಟರಿಗೂ ಉದ್ದವಾಗಿರುವ ಅದು ಕ್ರಿಸ್ತಪೂರ್ವ ಎರಡನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದಕ್ಕಿಂತ ಮೊದಲು ಕೈಯಲ್ಲಿದ್ದ ಹೀಬ್ರೂ ಹಳೇ ಒಡಂಬಡಿಕೆಯ ಅತ್ಯಂತ ಹಳೆಯ ಪೂರ್ಣ ಪ್ರತಿ ಕ್ರಿಸ್ತಶಕ 1008ರದ್ದು. ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳಿವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಕಾಗುಣಿತದ ವ್ಯತ್ಯಾಸಗಳು ಹೇರಳವಾಗಿ ಕಂಡವು, ಕೆಲವೆಡೆ ಪದಗಳೂ ಬೇರೆಯಾಗಿದ್ದವು. ಉದಾಹರಣೆಗೆ 53ನೆಯ ಅಧ್ಯಾಯದ 11ನೆಯ ವಚನದಲ್ಲಿ ಹಳೆಯ ಸುರುಳಿಯಲ್ಲಿ "ಬೆಳಕು" ಎಂಬ ಒಂದು ಪದ ಹೆಚ್ಚಾಗಿದೆ. ಆದರೆ ಯೆಶಾಯನು ಸಾರಿದ ಸಂದೇಶ ಅದೇ ಆಗಿತ್ತು, ನಮ್ಮ ಪಾಪಗಳಿಗಾಗಿ ಜಜ್ಜಲ್ಪಟ್ಟ ಸೇವಕನೂ ಅವನೇ ಆಗಿದ್ದನು.

ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು, ಚೂರುಗಳೂ ಸೇರಿ, ಐದು ಸಾವಿರಕ್ಕೂ ಹೆಚ್ಚಿವೆ. ಮ್ಯಾಂಚೆಸ್ಟರಿನಲ್ಲಿರುವ ಅಂಗೈಯಗಲದ ಪಪೈರಸ್ ಚೂರೊಂದರಲ್ಲಿ ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದ ಕೆಲವು ಸಾಲುಗಳಿದ್ದು, ಅದನ್ನು ಸಾಮಾನ್ಯವಾಗಿ ಎರಡನೆಯ ಶತಮಾನದ್ದೆಂದು ಹೇಳುತ್ತಾರೆ. ನಮ್ಮ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದ್ದು. ಅದರ ಓಲೆಪ್ರತಿಗಳು ಅದಕ್ಕಿಂತ ಎಷ್ಟೋ ಶತಮಾನ ಈಚಿನವು. ಹಾಗೆಂದು ಅದನ್ನು ಯಾರೂ ತಳ್ಳಿಹಾಕುವುದಿಲ್ಲ, ತಳ್ಳಿಹಾಕಬಾರದು ಕೂಡ. ಅದೇ ಅಳತೆಗೋಲನ್ನು ಸುವಾರ್ತೆಗಳಿಗೂ ಹಿಡಿಯಿರಿ ಎಂದಷ್ಟೇ ನಾವು ಕೇಳುತ್ತೇವೆ.

ಪ್ರತಿಗಳ ನಡುವೆ ಇರುವ ವ್ಯತ್ಯಾಸವನ್ನು ಮುಚ್ಚಿಡುವ ವಿಶ್ವಾಸಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾರ್ಕ 16ರ ಕೊನೆಯ ಹನ್ನೆರಡು ವಚನಗಳು ಅತ್ಯಂತ ಹಳೆಯ ಎರಡು ಪ್ರಮುಖ ಪ್ರತಿಗಳಲ್ಲಿ ಇಲ್ಲ. ಯೋಹಾನ 8ರಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ವೃತ್ತಾಂತಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವನ್ನು ಹುಡುಕಿ ತೆಗೆದವರಲ್ಲಿ ಅನೇಕರು ಸತ್ಯವೇದವನ್ನು ಪ್ರೀತಿಸಿ, ಮೂಲದಲ್ಲಿದ್ದದ್ದೇ ನಮಗೆ ಬೇಕೆಂದು ಹಟ ಹಿಡಿದು ಕುಳಿತ ಕ್ರೈಸ್ತ ವಿದ್ವಾಂಸರು. ಯೇಸುಸ್ವಾಮಿಯ ದೈವತ್ವವಾಗಲಿ, ಮರಣ ಪುನರುತ್ಥಾನಗಳಾಗಲಿ ಈ ಎರಡು ಭಾಗಗಳ ಮೇಲೆ ನಿಂತಿಲ್ಲ.

ಭೂಶೋಧನೆಯಿಂದ ಏನಾದರೂ ಆಧಾರ ಸಿಕ್ಕಿದೆಯೇ?

ಸಿಕ್ಕಿದೆ. ಯೆಶಾಯ 20ರಲ್ಲಿ ಹೆಸರಿಸಿರುವ ಅಶ್ಶೂರದ ಅರಸ ಸರ್ಗೋನನ ಅರಮನೆಯನ್ನು 1843ರಲ್ಲಿ ಖೋರ್ಸಾಬಾದಿನಲ್ಲಿ ಅಗೆಯಲಾರಂಭಿಸಿದರು. ಯೂದದ ಅರಸ ಹಿಜ್ಕೀಯನು ನೀರನ್ನು ಯೆರೂಸಲೇಮ್ ನಗರದೊಳಗೆ ತಂದ ಸುರಂಗದಲ್ಲಿ, ಎರಡೂ ಕಡೆಯಿಂದ ಕೊರೆಯುತ್ತಾ ಬಂದ ಕೆಲಸಗಾರರು ಹೇಗೆ ಸಂಧಿಸಿದರೆಂದು ಹೇಳುವ ಹೀಬ್ರೂ ಶಾಸನ 1880ರಲ್ಲಿ ಕಂಡಿತು. ಉತ್ತರ ಇಸ್ರಾಯೇಲಿನ ತೇಲ್ ದಾನ್ ಎಂಬಲ್ಲಿ 1993ರಲ್ಲಿ ಸಿಕ್ಕ ಕಲ್ಲಿನಲ್ಲಿ "ದಾವೀದನ ಮನೆ" ಎಂಬ ಮಾತಿದೆಯೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಪಿಲಾತನ ಹೆಸರು ಕೊರೆದಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ದೊರೆಯಿತು.

ಇವು ಪವಾಡಗಳನ್ನು ರುಜುವಾತು ಮಾಡುವುದಿಲ್ಲ. ಬರೆದವರು ನಿಜವಾದ ಅರಸರ, ನಿಜವಾದ ಊರುಗಳ ನಡುವೆ ನಿಂತು ಬರೆದರೆಂದು ತೋರಿಸುತ್ತವೆ, ಅಷ್ಟೇ. ಆದ್ದರಿಂದ ಒಂದು ವಿನಂತಿ: ನೋಹನ ನಾವೆ ಪೂರ್ತಿಯಾಗಿ ಸಿಕ್ಕಿತು, ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಚಕ್ರಗಳು ಸಿಕ್ಕವು, ಯೆಹೋಶುವನ ಕಾಲದಲ್ಲಿ ಕಳೆದುಹೋದ ದಿನವನ್ನು ನಾಸಾದ ಕಂಪ್ಯೂಟರ್ ಪತ್ತೆಹಚ್ಚಿತು ಎಂಬ ವಾಟ್ಸಾಪ್ ಸಂದೇಶಗಳನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಅವುಗಳಿಗೆ ಆಧಾರವಿಲ್ಲ. ನಾವೆ ನಿಂತದ್ದು ಅರಾರಾಟ್ ಸೀಮೆಯ ಬೆಟ್ಟಗಳಲ್ಲಿ ಎಂದು ಆದಿಕಾಂಡ 8 ಹೇಳುತ್ತದೆ. ಯಾವುದೇ ಒಂದು ಶಿಖರವನ್ನು ಅದು ತೋರಿಸುವುದಿಲ್ಲ. ಸುಳ್ಳಿನಿಂದ ಸತ್ಯವೇದಕ್ಕೆ ಊರುಗೋಲು ಕೊಡಲು ಹೊರಟವರು ಸುಳ್ಳು ಸಾಕ್ಷಿ ಹೇಳಬಾರದೆಂಬ ಒಂಬತ್ತನೆಯ ಆಜ್ಞೆಯನ್ನೇ ಮೀರುತ್ತಾರೆ.

ಸತ್ಯವೇದದಲ್ಲಿ ಒಂದಕ್ಕೊಂದು ವಿರುದ್ಧವಾದ ಮಾತುಗಳಿವೆಯಲ್ಲ?

ಸಮಾಧಿಯ ಬಳಿ ಒಬ್ಬ ಯೌವನಸ್ಥನಿದ್ದನೆಂದು ಮಾರ್ಕನು, ಇಬ್ಬರಿದ್ದರೆಂದು ಲೂಕನು ಬರೆದಿರುವುದು ನಿತ್ಯದ ಉದಾಹರಣೆ. ಇಬ್ಬರಿದ್ದಲ್ಲಿ ಮಾತನಾಡಿದ ಒಬ್ಬನನ್ನು ಮಾತ್ರ ಹೆಸರಿಸುವುದು ವಿರೋಧವಲ್ಲ. ಯೂದನು ಉರುಲು ಹಾಕಿಕೊಂಡನೆಂದು ಮತ್ತಾಯನು, ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆಯಿತೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಮೊದಲನೆಯದು ಹೇಗೆ ಸತ್ತನೆಂದು ಹೇಳಿದರೆ ಎರಡನೆಯದು ಆ ದೇಹಕ್ಕೆ ಏನಾಯಿತೆಂದು ಹೇಳುತ್ತದೆ ಎಂಬ ಹಳೆಯ ವಿವರಣೆ ನನಗೆ ಸಮಂಜಸವೆಂದು ತೋರುತ್ತದೆ.

ಇನ್ನು ಕೆಲವು ನಕಲುಗಾರರ ಕೈತಪ್ಪುಗಳು. ಯೂದದ ಅರಸ ಯೆಹೋಯಾಖೀನನು ಪಟ್ಟಕ್ಕೆ ಬಂದಾಗ 2 ಅರಸುಗಳು 24ರ ಪ್ರಕಾರ ಅವನಿಗೆ ಹದಿನೆಂಟು ವರ್ಷ, 2 ಪೂರ್ವಕಾಲವೃತ್ತಾಂತ 36ರ ಹೀಬ್ರೂ ಪಾಠದ ಪ್ರಕಾರ ಎಂಟು. ಹೀಬ್ರೂವಿನಲ್ಲಿ ಎಂಟಕ್ಕೂ ಹದಿನೆಂಟಕ್ಕೂ ನಡುವೆ ಇರುವುದು ಒಂದೇ ಪದ, ಅದು ಬಿಟ್ಟುಹೋಗಿದೆ. ಕೆಲವು ಪ್ರಾಚೀನ ಪ್ರತಿಗಳಲ್ಲಿ ಹದಿನೆಂಟೆಂದೇ ಉಳಿದಿದೆ. ನಾವು ತಪ್ಪಿಲ್ಲದ್ದೆಂದು ನಂಬುವುದು ಮೂಲದಲ್ಲಿ ಬರೆಯಲ್ಪಟ್ಟದ್ದನ್ನು. ಪ್ರತಿಯೊಬ್ಬ ನಕಲುಗಾರನ ಕೈಯನ್ನಲ್ಲ. 1978ರಲ್ಲಿ ಷಿಕಾಗೋದಲ್ಲಿ ಸೇರಿದ ಸುವಾರ್ತಾವಾದಿ ವಿದ್ವಾಂಸರ ಹೇಳಿಕೆಯೂ ಇದನ್ನೇ ಸ್ಪಷ್ಟಪಡಿಸಿತು.

ಎಲ್ಲಕ್ಕಿಂತ ಕಠಿಣವಾದದ್ದು ಲೂಕ 2ರ ಜನಗಣತಿ. ಯೇಸುಸ್ವಾಮಿಯ ಜನನವನ್ನು ಸುವಾರ್ತೆಗಳು ಹೆರೋದ ಅರಸನ ಕಾಲದಲ್ಲಿಡುತ್ತವೆ; ಆಗ ನಡೆದ ಗಣತಿಯನ್ನು ಲೂಕನು ಸಿರಿಯದ ಅಧಿಪತಿ ಕುರೇನ್ಯನ ಹೆಸರಿನೊಂದಿಗೆ ಹೇಳುತ್ತಾನೆ. ಈ ಹೆರೋದನು, ಅಂದರೆ ಗಲಿಲಾಯದ ಒಡೆಯನಾಗಿದ್ದ ಹೆರೋದನ ತಂದೆ, ಸತ್ತದ್ದು ಕ್ರಿಸ್ತಪೂರ್ವ 4ರ ಸುಮಾರಿಗೆ. ಕುರೇನ್ಯನ ಜನಗಣತಿ ಕ್ರಿಸ್ತಶಕ 6ರಲ್ಲಿ ನಡೆಯಿತೆಂದು ಯೆಹೂದಿ ಚರಿತ್ರೆಕಾರ ಜೋಸೆಫಸನ ಬರಹದಿಂದ ತಿಳಿಯುತ್ತದೆ. ಅದಕ್ಕಿಂತ ಮುಂಚೆ ಇನ್ನೊಂದು ಗಣತಿ ನಡೆದಿತ್ತೆಂದು ಕೆಲವರು, ಗ್ರೀಕ್ ವಾಕ್ಯವನ್ನೇ "ಕುರೇನ್ಯನಿಗಿಂತ ಮುಂಚೆ" ಎಂದು ಓದಬಹುದೆಂದು ಇನ್ನು ಕೆಲವರು ವಾದಿಸುತ್ತಾರೆ. ಎಲ್ಲರೂ ಒಪ್ಪಿದ ಪರಿಹಾರ ಇನ್ನೂ ಇಲ್ಲ. ಬೇರೆಡೆಗಳಲ್ಲಿ ಊರು, ಪದವಿ, ಹೆಸರುಗಳನ್ನು ಅಷ್ಟು ಎಚ್ಚರದಿಂದ ಬರೆದ ಲೂಕನನ್ನು ನಾನು ಇಲ್ಲಿಯೂ ನಂಬುತ್ತೇನೆ. ಆದರೆ ಕೇಳಿದವರಿಗೆ ಇದು ಸುಲಭದ ಪ್ರಶ್ನೆಯೆಂದು ಹೇಳುವುದಿಲ್ಲ.

ಆರು ದಿನಗಳಲ್ಲಿ ಸೃಷ್ಟಿಯಾಯಿತೆಂದು ಈ ಕಾಲದಲ್ಲೂ ನಂಬುತ್ತೀರಾ?

ನಾನು ನಂಬುತ್ತೇನೆ. "ಸಾಯಂಕಾಲವೂ ಪ್ರಾತಃಕಾಲವೂ" ಎಂದು ಆದಿಕಾಂಡ 1 ಆರು ಬಾರಿ ಹೇಳುತ್ತದೆ. ವಿಮೋಚನಕಾಂಡ 20ರಲ್ಲಿ ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಬೇಕೆಂಬ ಆಜ್ಞೆಗೆ ಅದೇ ಆರು ದಿನಗಳನ್ನು ಕಾರಣವಾಗಿ ಕೊಡಲಾಗಿದೆ. ಮದುವೆಯ ಕುರಿತು ಕೇಳಿದಾಗ ಯೇಸುಸ್ವಾಮಿ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ನಡೆದ ಸಂಗತಿಯೆಂದೇ ಎತ್ತಿ ಹೇಳಿದರು. ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಒಬ್ಬ ಆದಾಮನಿಂದ ಮರಣವೂ ಒಬ್ಬ ಕ್ರಿಸ್ತನಿಂದ ಜೀವವೂ ಬಂದವೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿಡುತ್ತಾನೆ. ಅಲ್ಲಿ ಆದಾಮನನ್ನು ನೆರಳಾಗಿಸಿದರೆ ವಾದವೇ ಕುಸಿಯುತ್ತದೆ.

ಕಾಲೇಜಿನಲ್ಲಿ ಭೂವಿಜ್ಞಾನ ಓದುವ ಹುಡುಗಿಯೊಬ್ಬಳು ಸಿಂಹಗಡದಿಂದ ಒಂದು ಕರಿಕಲ್ಲಿನ ಚೂರು ತಂದು ಮೇಜಿನ ಮೇಲಿಟ್ಟು, "ಅಂಕಲ್, ಇದು ಲಾವಾದಿಂದಾದ ಬಸಾಲ್ಟ್, ಸುಮಾರು 6.6 ಕೋಟಿ ವರ್ಷ ಹಳೆಯದೆಂದು ನಮಗೆ ಕಲಿಸುತ್ತಾರೆ, ನಾನೇನು ಮಾಡಲಿ?" ಎಂದು ಕೇಳಿದಳು. ಇನ್ನೊಬ್ಬ ಹುಡುಗ ಫೆಬ್ರವರಿಯ ವಿಜ್ಞಾನ ದಿನದಂದು ನಾರಾಯಣಗಾಂವದ ಬಳಿಯ ಖೋಡದ್‌ಗೆ ಹೋಗಿ, 45 ಮೀಟರ್ ಅಗಲದ ಮೂವತ್ತು ರೇಡಿಯೋ ದೂರದರ್ಶಕಗಳನ್ನು ನೋಡಿ ಬಂದು, ಅಷ್ಟು ದೂರದ ಸಂಕೇತ ನಮ್ಮನ್ನು ತಲುಪಲು ಹಿಡಿದ ಕಾಲವನ್ನು ಹೇಗೆ ಲೆಕ್ಕ ಹಾಕುವುದೆಂದು ಕೇಳಿದನು. ಇಬ್ಬರಿಗೂ ನಾನು ಹೇಳಿದ್ದು ಒಂದೇ. ಕಲಿಸಿದ್ದನ್ನು ಶ್ರದ್ಧೆಯಿಂದ ಕಲಿಯಿರಿ, ಪರೀಕ್ಷೆಯಲ್ಲಿ ಪ್ರಾಮಾಣಿಕವಾಗಿ ಬರೆಯಿರಿ, ಅಧ್ಯಾಪಕರನ್ನು ಹೀಯಾಳಿಸಬೇಡಿ. ಕಲ್ಲನ್ನೂ ನಕ್ಷತ್ರವನ್ನೂ ಓದುವವರು ಸುಳ್ಳುಗಾರರಲ್ಲ. ಅವರ ವಾದ ಬಲವಾದದ್ದೇ. ಭೂಮಿಗೆ ಇಷ್ಟೇ ವಯಸ್ಸೆಂದು ಸತ್ಯವೇದದ ಯಾವ ವಚನವೂ ಹೇಳುವುದಿಲ್ಲ. ಕ್ರಿಸ್ತಪೂರ್ವ 4004 ಎಂಬುದು ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಮಾಡಿದ ಲೆಕ್ಕ. ಅಗಸ್ಟಿನನಂಥ ಸಭಾಪಿತೃವು ಸೃಷ್ಟಿಯೆಲ್ಲ ಒಂದೇ ಕ್ಷಣದಲ್ಲಾಯಿತೆಂದು, ದಿನಗಳು ನಾವು ಗ್ರಹಿಸಲೆಂದು ಹೇಳಿದ ಕ್ರಮವೆಂದು ತಿಳಿದಿದ್ದನು. ದಿನಗಳ ಉದ್ದದ ವಿಷಯದಲ್ಲಿ ನನ್ನಿಂದ ಭಿನ್ನವಾಗಿ ಓದುವ ವಿಶ್ವಾಸಿಯನ್ನು ನಾನು ಸಹೋದರನೆಂದೇ ಕರೆಯುತ್ತೇನೆ. ಆದರೆ ಗ್ರಂಥವನ್ನು ಓದುವಾಗ, ಅದು ಹೇಳುವುದನ್ನು ಮೊದಲು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು. ಹೊರಗಿನ ಒತ್ತಡಕ್ಕಾಗಿ ಪದದ ಅರ್ಥವನ್ನು ಎಳೆಯಬಾರದು. ಆ ಕಲ್ಲಿನ ಚೂರು ಇಂದಿಗೂ ನನ್ನ ಮೇಜಿನ ಮೇಲಿದೆ.

ಯೋನನು ಮೀನಿನ ಹೊಟ್ಟೆಯಲ್ಲಿದ್ದದ್ದು?

ಯೇಸುಸ್ವಾಮಿ ತಮ್ಮ ಸಮಾಧಿಯ ಮೂರು ದಿನಗಳನ್ನು ಅದಕ್ಕೆ ಹೋಲಿಸಿದರು. ಸತ್ತವನನ್ನು ಎಬ್ಬಿಸಬಲ್ಲ ದೇವರಿಗೆ ಮೀನು ಕಷ್ಟವಲ್ಲ.

ಹಳೇ ಒಡಂಬಡಿಕೆಯ ಯುದ್ಧಗಳನ್ನೂ ಅಕ್ಷರಶಃ ಪಾಲಿಸಬೇಕೇ?

ಇಲ್ಲ. ಸತ್ಯವೇದವು ದಾಖಲಿಸಿದ್ದೆಲ್ಲವೂ ವಿಧಿಸಿದ್ದಲ್ಲ. ನ್ಯಾಯಸ್ಥಾಪಕರು ಗ್ರಂಥದ ಕೊನೆಯ ಅಧ್ಯಾಯಗಳ ಘೋರಗಳನ್ನು ಓದಿದರೆ, ಪ್ರತಿಯೊಬ್ಬನೂ ತನಗೆ ಸರಿತೋರಿದಂತೆ ನಡೆದನೆಂಬ ಮಾತಿನಿಂದ ಗ್ರಂಥವೇ ಅವುಗಳ ಮೇಲೆ ತೀರ್ಪು ಕೊಡುವುದು ಕಾಣುತ್ತದೆ. ಕಾನಾನಿನ ಯುದ್ಧದ ಆಜ್ಞೆ ಬೇರೆ: ಅದು ಒಂದು ಜನಾಂಗಕ್ಕೆ, ಒಂದು ಕಾಲದಲ್ಲಿ, ಒಂದು ಸೀಮೆಯ ಕುರಿತು ಕೊಟ್ಟದ್ದು; ಕಾನಾನಿನಲ್ಲಿದ್ದ ಅಮೋರಿಯರ ಪಾಪ ತುಂಬುವ ತನಕ ದೇವರು ತಲೆಮಾರುಗಳ ಕಾಲ ತಾಳಿಕೊಂಡರೆಂದು ಆದಿಕಾಂಡ 15 ಹೇಳುತ್ತದೆ. ಆ ಅಧ್ಯಾಯಗಳನ್ನು ಓದುವಾಗ ನನ್ನ ಧ್ವನಿ ತಗ್ಗುತ್ತದೆ, ತಗ್ಗಬೇಕು ಕೂಡ. ಆದರೆ ಅವನ್ನು ಇಂದಿನ ಯಾವ ಜನರ ಮೇಲಾದರೂ ತಿರುಗಿಸುವವನು ಗ್ರಂಥವನ್ನು ಅಕ್ಷರಶಃ ಓದುತ್ತಿಲ್ಲ, ಕದಿಯುತ್ತಿದ್ದಾನೆ. ಸಭೆಗೆ ಕೊಟ್ಟ ಆಜ್ಞೆ ವೈರಿಗಳನ್ನು ಪ್ರೀತಿಸಿರಿ ಎಂಬುದು.

ಪುನರುತ್ಥಾನ ನಂಬಿಕೆಯ ಮಾತಷ್ಟೇ ಅಲ್ಲವೇ? ಅದಕ್ಕೆ ಸಾಕ್ಷಿ ಏನು?

ಎಲ್ಲ ಪ್ರಶ್ನೆಗಳೂ ಕೊನೆಗೆ ಇಲ್ಲಿಗೇ ಬರಬೇಕು, ಏಕೆಂದರೆ ಪೌಲನೇ ಇದರ ಮೇಲೆ ಎಲ್ಲವನ್ನೂ ಪಣಕ್ಕಿಟ್ಟಿದ್ದಾನೆ: ಕ್ರಿಸ್ತನು ಎದ್ದುಬಾರದಿದ್ದರೆ ನಮ್ಮ ಸಾರೋಣವೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ. ಈ ಮಾತಿರುವ 1 ಕೊರಿಂಥದವರಿಗೆ 15ನೆಯ ಅಧ್ಯಾಯವು ಕ್ರಿಸ್ತಶಕ 55ರ ಸುಮಾರಿಗೆ ಬರೆದದ್ದೆಂದು, ನಂಬದ ವಿದ್ವಾಂಸರೂ ಒಪ್ಪುತ್ತಾರೆ. ಶಿಲುಬೆಯಾಗಿ ಆಗ ಸುಮಾರು ಇಪ್ಪತ್ತೈದು ವರ್ಷಗಳಷ್ಟೇ ಆಗಿದ್ದವು. ಅಲ್ಲಿ ಪೌಲನು ತಾನು ಹೊಂದಿದ್ದನ್ನೇ ಒಪ್ಪಿಸಿಕೊಡುತ್ತಿರುವುದಾಗಿ ಹೇಳಿ ಸಾಕ್ಷಿಗಳ ಪಟ್ಟಿಯನ್ನು ಕೊಡುತ್ತಾನೆ: ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ. ಐನೂರು ಮಂದಿಯಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದು ಸೇರಿಸುತ್ತಾನೆ. ಅಂದರೆ, ಹೋಗಿ ಕೇಳಿರಿ ಎಂದಂತೆ. ಗಲಾತ್ಯದವರಿಗೆ ಬರೆದ ಪತ್ರದ ಪ್ರಕಾರ ಅವನು ಯೆರೂಸಲೇಮಿನಲ್ಲಿ ಕೇಫನ ಬಳಿ ಹದಿನೈದು ದಿನ ಇದ್ದು ಯಾಕೋಬನನ್ನೂ ಕಂಡಿದ್ದನು.

ಈ ಯಾಕೋಬನ ಹಾದಿಯನ್ನು ಹಿಡಿದು ನೋಡಿ. ಇವನು ಯೇಸುಸ್ವಾಮಿಯ ತಮ್ಮ. ಅವರ ತಮ್ಮಂದಿರು ಅವರನ್ನು ನಂಬಲಿಲ್ಲವೆಂದು ಯೋಹಾನ 7 ಹೇಳುತ್ತದೆ. ಹೊಸ ಮತವನ್ನು ಕಟ್ಟಲು ಹೊರಟವರು ಮನೆಯವರೇ ನಂಬದ ಸಂಗತಿಯನ್ನು ಸೃಷ್ಟಿಸಿ ಬರೆದುಕೊಳ್ಳುವುದಿಲ್ಲ. ಅದೇ ತಮ್ಮನು ಅಪೊಸ್ತಲರ ಕೃತ್ಯಗಳು 15ರ ಹೊತ್ತಿಗೆ ಯೆರೂಸಲೇಮಿನ ಸಭೆಯ ಹಿರಿಯನಾಗಿದ್ದಾನೆ. ಕ್ರಿಸ್ತಶಕ 62ರಲ್ಲಿ ಮಹಾಯಾಜಕನು ಅವನನ್ನು ಕಲ್ಲೆಸೆದು ಕೊಲ್ಲಿಸಿದ್ದನ್ನು ಕ್ರೈಸ್ತನಲ್ಲದ ಜೋಸೆಫಸನು ಬರೆದಿದ್ದಾನೆ. ಅಣ್ಣನನ್ನು ನಂಬದಿದ್ದ ತಮ್ಮನು ಅಣ್ಣನು ಅಪರಾಧಿಯಂತೆ ಶಿಲುಬೆಯ ಮೇಲೆ ಸತ್ತ ಮೇಲೆ ಅವನನ್ನು ಕರ್ತನೆಂದು ಕರೆಯಲು ನಡುವೆ ಏನೋ ನಡೆದಿರಬೇಕು. ಏನು ನಡೆಯಿತೆಂದು ಪೌಲನ ಪಟ್ಟಿಯಲ್ಲಿದೆ: ಕ್ರಿಸ್ತನು ಯಾಕೋಬನಿಗೆ ಕಾಣಿಸಿಕೊಂಡನು.

ಇನ್ನೊಂದು ಸಂಗತಿ ಬರಿದಾದ ಸಮಾಧಿಯನ್ನು ಮೊದಲು ಕಂಡವರದು. ನಾಲ್ಕು ಸುವಾರ್ತೆಗಳಲ್ಲೂ ಅವರು ಹೆಂಗಸರು. ಹೆಂಗಸರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂದು ಬರೆಯುವಂಥ ಕಾಲ ಅದು. ಆ ಮಾತೂ ಜೋಸೆಫಸನಲ್ಲೇ ಇದೆ. ಕಥೆ ಕಟ್ಟುವವರು ಪೇತ್ರನನ್ನೋ ಯೋಹಾನನನ್ನೋ ಮೊದಲ ಸಾಕ್ಷಿಯಾಗಿಸುತ್ತಿದ್ದರು. ಶಿಷ್ಯರು ದೇಹವನ್ನು ಕದ್ದರೆಂದರೆ, ತಮಗೆ ಸುಳ್ಳೆಂದು ಗೊತ್ತಿದ್ದ ಮಾತಿಗಾಗಿ ಏಟು, ಸೆರೆ, ಮರಣಗಳನ್ನು ಏಕೆ ಸಹಿಸಿದರು? ಯೇಸುಸ್ವಾಮಿ ಮೂರ್ಛೆ ಹೋಗಿದ್ದರಷ್ಟೇ ಎಂದರೆ, ಕೊಲ್ಲುವುದೇ ಕೆಲಸವಾಗಿದ್ದ ರೋಮನ್ ಸೈನಿಕರಿಗೆ ಅದು ತಿಳಿಯಲಿಲ್ಲವೇ? ರೋಮನ್ ಚರಿತ್ರೆಕಾರ ಟಾಸಿಟಸನು, ಕ್ರೈಸ್ತರನ್ನು ಹಗೆಯಿಂದ ನೋಡುತ್ತಲೇ, ತಿಬೇರಿಯನ ಕಾಲದಲ್ಲಿ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ದಾಖಲಿಸಿದ್ದಾನೆ.

ಇದು ಪರದೇಶದವರ ಧರ್ಮವಲ್ಲವೇ? ಗೋವಾದಲ್ಲಿ ಏನು ನಡೆಯಿತೆಂದು ಮರೆತಿದ್ದೀರಾ?

ಯೇಸುಸ್ವಾಮಿ ಹುಟ್ಟಿದ್ದು ಏಷ್ಯಾದಲ್ಲಿ. ಆರನೆಯ ಶತಮಾನದ ಪ್ರಯಾಣಿಕ ಕಾಸ್ಮಾಸನು ಕಲ್ಲಿಯಾನವೆಂಬ ಊರಿನಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪನೊಬ್ಬನಿದ್ದುದನ್ನು ಹೇಳಿದ್ದಾನೆ. ಅದು ಮುಂಬಯಿಯ ಬಳಿಯ ಕಲ್ಯಾಣವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಪೋರ್ಚುಗೀಸರು ಬರಲು ಆಗ ಇನ್ನೂ ಸುಮಾರು ಒಂದು ಸಾವಿರ ವರ್ಷವಿತ್ತು.

ಗೋವಾದ ಇಂಕ್ವಿಜಿಷನ್, ಅಂದರೆ ಪೋರ್ಚುಗೀಸರ ಕಾಲದಲ್ಲಿ ಜನರ ನಂಬಿಕೆಯನ್ನು ವಿಚಾರಣೆಗೊಳಪಡಿಸಿ ಶಿಕ್ಷಿಸುತ್ತಿದ್ದ ನ್ಯಾಯಸ್ಥಾನ, 1560ರಲ್ಲಿ ಆರಂಭವಾಗಿ, ನಡುವೆ ಕೆಲಕಾಲ ನಿಂತು, 1812ರಲ್ಲಿ ಕೊನೆಗೊಂಡಿತು. ಅದನ್ನು ನಾವು ಸಮರ್ಥಿಸುವುದಿಲ್ಲ. ಯಾರಾದರೂ ಅದನ್ನು ಎತ್ತಿದಾಗ "ಬೇರೆಯವರೂ ಮಾಡಿಲ್ಲವೇ" ಎಂದು ತಿರುಗಿಸಿ ಹೇಳಬೇಡಿ. ಅದು ಪಾಪವೆಂದು ಒಪ್ಪಿಕೊಳ್ಳಿ. ತನ್ನ ರಾಜ್ಯವು ಈ ಲೋಕದ್ದಲ್ಲ, ಆಗಿದ್ದರೆ ತನ್ನ ಕಡೆಯವರು ಕಾದಾಡುತ್ತಿದ್ದರು ಎಂದು ಕರ್ತನು ಪಿಲಾತನ ಮುಂದೆ ಹೇಳಿದ ಮಾತನ್ನು ಬರೆದಂತೆಯೇ ಓದಿದ್ದರೆ, ನಂಬಿಕೆಗಾಗಿ ಯಾರನ್ನೂ ಸೆರೆಗೆ ಹಾಕಲು ಸಾಧ್ಯವಿರಲಿಲ್ಲ.

ಯೇಸುಸ್ವಾಮಿ ಯೌವನದಲ್ಲಿ ಭಾರತಕ್ಕೆ ಬಂದಿದ್ದರಂತೆ, ನಿಜವೇ?

ಇಲ್ಲ. ರಷ್ಯಾದ ನಿಕೊಲಾಸ್ ನೊಟೊವಿಚ್ ಎಂಬವನು ಲಡಾಖಿನ ಹೆಮಿಸ್ ಮಠದಲ್ಲಿ ಅಂಥ ಗ್ರಂಥವನ್ನು ಕಂಡೆನೆಂದು 1894ರಲ್ಲಿ ಪ್ರಕಟಿಸಿದನು. ಮರುವರ್ಷ ಅಲ್ಲಿಗೆ ಹೋಗಿ ವಿಚಾರಿಸಿದವರಿಗೆ ಮಠದ ಹಿರಿಯರು ಅದನ್ನು ಸಾರಾಸಗಟಾಗಿ ನಿರಾಕರಿಸಿದರು.

ಅನುವಾದದಲ್ಲಿ ಓದಿದರೆ ಅಕ್ಷರಶಃ ಓದಿದಂತಾಗುತ್ತದೆಯೇ?

ಕನ್ನಡದ ಪೂರ್ಣ ಸತ್ಯವೇದವು 1831ರಲ್ಲಿ ಬಳ್ಳಾರಿಯ ಮಿಷನರಿಗಳ ಶ್ರಮದಿಂದ ಹೊರಬಂತು, ಆಮೇಲೆ ಹಲವು ಬಾರಿ ಪರಿಷ್ಕಾರಗೊಂಡಿತು. ಒಂದೇ ವಚನವನ್ನು ಹಳೆಯ ಕನ್ನಡ ಅನುವಾದದಲ್ಲೂ ಹೊಸದರಲ್ಲೂ, ಬಲ್ಲವರು ಮರಾಠಿಯಲ್ಲೂ ಓದಿ ಹೋಲಿಸಿದರೆ ಎಲ್ಲಿ ಪದ ಎಳೆದಾಡುತ್ತಿದೆಯೆಂದು ತಾನಾಗಿಯೇ ತಿಳಿಯುತ್ತದೆ.

ಈ ವಿಷಯ ಬಂದಾಗ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. 1858ರಲ್ಲಿ ಇಂದಿನ ಕರ್ನಾಟಕದ ಘಟ್ಟದಲ್ಲಿ ಹುಟ್ಟಿ, ಸಂಸ್ಕೃತದಲ್ಲಿ ಪಂಡಿತೆಯೆನಿಸಿ, ಕನ್ನಡವನ್ನೂ ಬಲ್ಲವರಾಗಿದ್ದ ಅವರು ಪುಣೆಯಿಂದ ಸೊಲ್ಲಾಪುರದ ರೈಲುಹಾದಿಯಲ್ಲಿರುವ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ಕಟ್ಟಿದರು. ವಿಧವೆಯರೂ ಅನಾಥ ಹೆಣ್ಣುಮಕ್ಕಳೂ ತುಂಬಿದ್ದ ಆ ಮನೆಯಲ್ಲಿ, ನಡುವಯಸ್ಸು ದಾಟಿದ ಮೇಲೆ ಹೀಬ್ರೂ ಮತ್ತು ಗ್ರೀಕ್ ಕಲಿತು, ಹೆಚ್ಚು ಓದಿರದ ಹೆಂಗಸಿಗೂ ತಿಳಿಯುವ ಸರಳ ಮರಾಠಿಗೆ ಇಡೀ ಸತ್ಯವೇದವನ್ನು ಮೂಲದಿಂದ ತಂದರು. 1922ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸದಲ್ಲಿದ್ದರು. ಒಂದೊಂದು ಪದಕ್ಕೂ ಅಷ್ಟು ಬೆಲೆ ಕೊಟ್ಟವರ ನಾಡಿನಲ್ಲಿದ್ದುಕೊಂಡು ನಾವು ಸತ್ಯವೇದವನ್ನು ತೆರೆಯದೆ ವಾದಕ್ಕೆ ನಿಲ್ಲುವುದು ನ್ಯಾಯವಲ್ಲ.

ಮನೆಯಲ್ಲಿ, ಕೆಲಸದಲ್ಲಿ ಯಾರಾದರೂ ಕೆಣಕಿದರೆ ಹೇಗೆ ಉತ್ತರಿಸಬೇಕು?

ನಮ್ಮ ನಿರೀಕ್ಷೆಗೆ ಆಧಾರವನ್ನು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕೆಂದು 1 ಪೇತ್ರ 3:15 ಹೇಳುತ್ತದೆ, ಆದರೆ ಅದನ್ನು ಸಾತ್ವಿಕತೆಯಿಂದ ಹೇಳಬೇಕೆಂಬ ಮಾತೂ ಅದೇ ವಾಕ್ಯದಲ್ಲಿದೆ. ಎರಡನೆಯ ಭಾಗವನ್ನೂ ಅಕ್ಷರಶಃ ಪಾಲಿಸಬೇಕು. ಪಕ್ಕದ ಮನೆಯ ಕಾಕಾ ಗಣಪತಿಯ ಪ್ರಸಾದ ತಂದಾಗ ಅವರ ದೇವರನ್ನು ಹೀಯಾಳಿಸಿ ನಮ್ಮ ದೇವರನ್ನು ಮೆರೆಸಲು ಹೋಗಬೇಡಿ. ನೀವು ಅದನ್ನು ಏಕೆ ತಿನ್ನುವುದಿಲ್ಲವೆಂದು ಕೇಳಿದರೆ ಕೈಮುಗಿದು, ಮೆಲುದನಿಯಲ್ಲಿ, ಉಳ್ಳದ್ದನ್ನು ಹೇಳಿ. ಎದುರಿಗಿರುವವರು ಪ್ರಶ್ನೆಯನ್ನು ಮುಗಿಸುವ ತನಕ ಕೇಳಿಸಿಕೊಳ್ಳಿ. ತಕ್ಷಣ ತಿಳಿಯದಿದ್ದರೆ ಭಾನುವಾರದ ತನಕ ಸಮಯ ಕೇಳಿ, ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ; ಸತ್ಯವೇದವನ್ನು ತೆರೆದಿಟ್ಟುಕೊಂಡು ಒಟ್ಟಿಗೆ ಕುಳಿತು ಹುಡುಕೋಣ. ಕೇಳಿದ ಗೆಳೆಯನಿಗೆ ಮನಸ್ಸಿದ್ದರೆ ಅವನನ್ನೂ ಕರೆತನ್ನಿ.